ಮನೆ ಕಟ್ಟಿಸುವವನ ಕಾಯಕ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ಕನ್ನಡ ನಾಡಿನ ಗೃಹಸ್ಥರಿಗೆಲ್ಲ ಬಾಯಿಪಾಠವಾಗಿದೆ. ಹಲವು ವರ್ಷ ಹೊಟ್ಟೆಬಟ್ಟೆ ಕಟ್ಟಿ ಕೂಡಿಸಿದ ಹಣವನ್ನೂ, ಅದು ಸಾಲದೆ ತಂದ ಸಾಲವನ್ನೂ ಒಬ್ಬ ಗುತ್ತಿಗೆದಾರನ ಕೈಯಲ್ಲಿಟ್ಟು, ಗೃಹಸ್ಥನು ತನ್ನ ಮಕ್ಕಳಿಗೊಂದು ನೆರಳನ್ನು ಬಯಸುತ್ತಾನೆ. ಕೆಲಸವು ನೇರವಾಗಿ ನಡೆದರೆ ಸಂತೋಷವೇ ಸರಿ. ಆದರೆ ಗೃಹಪ್ರವೇಶದ ತೋರಣ ಒಣಗುವ ಮೊದಲೇ ಗೋಡೆ ಬಿರಿಯಿತು, ಮೊದಲನೆಯ ಮಳೆಗೇ ತಾರಸಿ ಸೋರಿತು, ಬಚ್ಚಲ ನೀರು ಹೊರಗೆ ಹೋಗದೆ ಒಳಗೆ ಹರಿಯಿತು ಎಂದಾಗ ಅವನು ಮಾಡತಕ್ಕದ್ದೇನು?

ಇಂಥ ಸಂಕಟದಲ್ಲಿ ಜನರು ಸಾಮಾನ್ಯವಾಗಿ ಎರಡು ದಾರಿಗಳಲ್ಲೊಂದನ್ನು ಹಿಡಿಯುತ್ತಾರೆ. ಕೆಲವರು ದಾಕ್ಷಿಣ್ಯಕ್ಕೆ ಒಳಗಾಗಿ ಸುಮ್ಮನಾಗುತ್ತಾರೆ. ಗುತ್ತಿಗೆದಾರನು ನಂಟನೋ, ಒಂದೇ ಓಣಿಯವನೋ, ಒಂದೇ ಮಠದ ಭಕ್ತನೋ ಆಗಿದ್ದರಂತೂ ಮಾತೇ ಹೊರಡುವುದಿಲ್ಲ. ಮತ್ತೆ ಕೆಲವರು ಕೋಪಕ್ಕೆ ವಶರಾಗಿ ಬೀದಿಯಲ್ಲಿ ನಿಂತು ಬಯ್ಯುತ್ತಾರೆ, ಕೊಡಬೇಕಾದುದನ್ನೆಲ್ಲ ತಡೆಹಿಡಿಯುತ್ತಾರೆ, ನಾಲ್ಕು ಜನರಲ್ಲಿ ಅವನ ಹೆಸರನ್ನು ಕೆಡಿಸುತ್ತಾರೆ. ಮೊದಲನೆಯದರಿಂದ ಮನೆ ಕೆಡುತ್ತದೆ; ಎರಡನೆಯದರಿಂದ ಮನೆಯೊಡನೆ ಮನಸ್ಸೂ ಕೆಡುತ್ತದೆ. ತಾರಸಿಯ ಸೋರಿಕೆ ಮಾತ್ರ ಎರಡರಿಂದಲೂ ನಿಲ್ಲುವುದಿಲ್ಲ. ಶರಣರ ನಡೆನುಡಿಗಳನ್ನು ಬಲ್ಲವರಿಗೆ ಮೂರನೆಯ ದಾರಿಯೊಂದು ಕಾಣುತ್ತದೆ. ತಪ್ಪನ್ನು ಕಾಲಕ್ಕೆ ಸರಿಯಾಗಿ, ಆಧಾರಸಹಿತವಾಗಿ, ದ್ವೇಷವಿಲ್ಲದೆ ಹೇಳಿ ತಿದ್ದಿಸುವುದು ಮನೆ ಕಟ್ಟಿಸುವವನ ಕಾಯಕವೆಂದು ತಿಳಿಯುವುದೇ ಆ ದಾರಿ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಟ್ಟೆ ಒಗೆದ ಮಾಚಯ್ಯ, ದೋಣಿ ನಡೆಸಿದ ಚೌಡಯ್ಯ, ಬಿದಿರಿನ ಕೆಲಸ ಮಾಡಿದ ಕೇತಯ್ಯ, ಬಾಚಿ ಹಿಡಿದು ಬಡಗಿತನ ಮಾಡಿದ ಬಾಚಿಕಾಯಕದ ಬಸವಯ್ಯ ಇವರೆಲ್ಲರೂ ಸಮಾನರಾಗಿ ಕುಳಿತರು. ಅಲ್ಲಿ ಯಾವ ಕೆಲಸವೂ ಮೇಲಲ್ಲ, ಯಾವುದೂ ಕೀಳಲ್ಲ. ಅದನ್ನು ಮಾಡಿದ ಬಗೆಯೊಂದೇ ಗಣನೆಗೆ ಬಂದಿತು. ಆಯ್ದಕ್ಕಿ ಮಾರಯ್ಯನ ಕಥೆ ಎಲ್ಲರಿಗೂ ತಿಳಿದುದೇ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕವಾಗಿತ್ತು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಪತ್ನಿ ಲಕ್ಕಮ್ಮನು ಅದನ್ನು ಒಪ್ಪದೆ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಕಳುಹಿಸಿದಳು.

ಈ ಕಥೆಯನ್ನು ಆಸೆಯ ನಿರಾಕರಣೆಗೆ ಉದಾಹರಣೆಯಾಗಿ ಹೇಳುವುದು ವಾಡಿಕೆ. ಅದರಲ್ಲಿ ಇನ್ನೊಂದು ಪಾಠವೂ ಅಡಗಿದೆ. ಲಕ್ಕಮ್ಮನು ತನ್ನ ಪತಿಯೆಂದು ದಾಕ್ಷಿಣ್ಯಪಡಲಿಲ್ಲ; ತಪ್ಪಿದನೆಂದು ಅವನನ್ನು ತೊರೆಯಲೂ ಇಲ್ಲ. ಎಲ್ಲಿ ಅಳತೆ ತಪ್ಪಿತೋ ಅಲ್ಲಿಯೇ ಅದನ್ನು ಸರಿಪಡಿಸೆಂದಳು. ಪೂರ್ಣ ಹಣ ಪಡೆದು ಅರೆ ಕೆಲಸ ಮಾಡಿದವನ ಮನೆಯಲ್ಲಿ ಹೆಚ್ಚಿನ ಅಕ್ಕಿ ಇದೆ. ಪೂರ್ಣ ಕೆಲಸ ಮಾಡಿಸಿಕೊಂಡು ಅರೆ ಹಣ ಕೊಟ್ಟವನ ಮನೆಯಲ್ಲಿಯೂ ಅಷ್ಟೇ ಇದೆ. ಅಳತೆಯು ಇಬ್ಬರಿಗೂ ಒಂದೇ.

ಆದುದರಿಂದ ಗೃಹಸ್ಥನು ಮೊದಲು ತನ್ನ ಕಡೆಗೆ ನೋಡಿಕೊಳ್ಳಬೇಕು. ನಾಲ್ಕು ಜನ ಹೇಳಿದ ದರಗಳಲ್ಲಿ ಅತ್ಯಂತ ಕಡಿಮೆಯದನ್ನೇ ಹಿಡಿದು, ಅಷ್ಟು ಹಣದಲ್ಲಿ ಆ ಕೆಲಸ ಆಗುವುದುಂಟೇ ಎಂದು ವಿಚಾರಿಸದೆ ಇದ್ದರೆ, ಮುಂದಿನ ಮೋಸಕ್ಕೆ ಬಾಗಿಲು ತೆರೆದವನು ಅವನೇ. ನಕ್ಷೆ, ಸಾಮಗ್ರಿಯ ಗುಣ, ಹಣದ ಕಂತು, ಮುಗಿಸುವ ದಿನ ಇವೆಲ್ಲವನ್ನೂ ಕರಾರುಪತ್ರದಲ್ಲಿ ಬರೆಯಿಸದೆ, ಮಾತಿನ ಮೇಲೆ ಕೆಲಸ ಹಿಡಿಸಿದರೆ, ಆಮೇಲೆ ಯಾರ ಮಾತು ನಿಜವೆಂದು ಹೇಳುವವರಾರು? ಕಂತುಗಳನ್ನು ಕೆಲಸದ ಹಿಂದೆ ನಡೆಯುವಂತೆ ಗೊತ್ತುಮಾಡಬೇಕು. ಬುನಾದಿ ಮುಗಿದ ಮೇಲೆ ಬುನಾದಿಯ ಹಣ, ತಾರಸಿ ಮುಗಿದ ಮೇಲೆ ತಾರಸಿಯ ಹಣ. ದೊಡ್ಡ ಕಾಮಗಾರಿಗಳಲ್ಲಿರುವ ರೂಢಿಯಂತೆ, ಒಟ್ಟು ಹಣದಲ್ಲಿ ಒಂದು ಸಣ್ಣ ಪಾಲನ್ನು ಒಂದು ಮಳೆಗಾಲ ಕಳೆಯುವವರೆಗೆ ಉಳಿಸಿಕೊಳ್ಳುವುದೆಂದು ಮೊದಲೇ ಒಪ್ಪಿಕೊಳ್ಳಬೇಕು. ಮೊದಲೇ ಒಪ್ಪಿ ಉಳಿಸಿಕೊಂಡುದು ನ್ಯಾಯ. ಕೊನೆಯಲ್ಲಿ ನೆಪ ಹೂಡಿ ಉಳಿಸಿಕೊಂಡುದು ಅನ್ಯಾಯ.

ಎರಡನೆಯದಾಗಿ, ಯಾವುದು ತಪ್ಪು, ಯಾವುದು ತಪ್ಪಲ್ಲ ಎಂಬುದನ್ನು ತಿಳಿಯಬೇಕು. ಗಿಲಾವಿನ ಮೇಲೆ ಕೂದಲೆಳೆಯಂತೆ ಕಾಣುವ ಬಿರುಕು ಒಣಗುವಾಗ ಬರುವುದುಂಟು; ಅದಕ್ಕೆ ಹುಯಿಲೆಬ್ಬಿಸಬೇಕಾದುದಿಲ್ಲ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟು, ಗೋಡೆಯ ಎರಡೂ ಮಗ್ಗುಲಿಗೆ ಕಾಣುತ್ತ, ದಿನೇ ದಿನೇ ಅಗಲವಾಗುವ ಬಿರುಕು ಬೇರೆ. ಅದನ್ನು ಅರಿತ ಇಂಜಿನಿಯರನಿಗೆ ಕೂಡಲೇ ತೋರಿಸಬೇಕು. ಕಾಂಕ್ರೀಟಿಗೆ ನೀರುಣಿಸುವುದರಲ್ಲಿ ಆಗುವ ಮೋಸವೇ ಹೆಚ್ಚಿನದು. ಭಾರತೀಯ ಮಾನಕ 456ರ 2000ನೆಯ ಇಸವಿಯ ಆವೃತ್ತಿಯ ಪ್ರಕಾರ, ಸಾಮಾನ್ಯ ಸಿಮೆಂಟಿನ ಕಾಂಕ್ರೀಟನ್ನು ಕನಿಷ್ಠ 7 ದಿನ, ಬೂದಿ ಮೊದಲಾದುವನ್ನು ಬೆರೆಸಿದ ಸಿಮೆಂಟಾದರೆ ಅಥವಾ ಬಿಸಿಲು ಕಾಯುವ ಒಣ ಹವೆಯಾದರೆ ಕನಿಷ್ಠ 10 ದಿನ ಎಡೆಬಿಡದೆ ತೇವವಾಗಿಡಬೇಕು. ತಾರಸಿಯ ಅಡಿಯ ಊರೆಗಂಬಗಳನ್ನು, ಅಗಲ ನಾಲ್ಕೂವರೆ ಮೀಟರಿನೊಳಗಿದ್ದರೆ 7 ದಿನಗಳಿಗೆ ಮೊದಲು, ಅದಕ್ಕೆ ಮೀರಿದ್ದರೆ 14 ದಿನಗಳಿಗೆ ಮೊದಲು ತೆಗೆಯತಕ್ಕದ್ದಲ್ಲ. ಕಲಸುವಾಗ ಸುಲಭವಾಗಲೆಂದು ಹೆಚ್ಚು ನೀರು ಸುರಿದರೆ ಕಾಂಕ್ರೀಟಿನ ಬಲ ಕುಂದುತ್ತದೆ. ಇವನ್ನು ನೋಡಲು ವಿದ್ಯೆ ಬೇಡ, ಕಣ್ಣು ಸಾಕು. ದಿನಕ್ಕೊಂದು ಸಲ ಸ್ಥಳಕ್ಕೆ ಹೋಗಿ, ಕಂಡುದನ್ನು ತಾರೀಖುಸಹಿತ ಒಂದು ವಹಿಯಲ್ಲಿ ಬರೆದಿಟ್ಟರೆ ಸಾಕು. ಗಿಲಾವು ಮುಚ್ಚಿದ ಮೇಲೆ ಒಳಗಿನ ದೋಷ ಕಾಣುವುದಿಲ್ಲ. ಅಂದಂದಿನ ತಪ್ಪನ್ನು ಅಂದಂದೇ ತೋರಿಸಿದರೆ ತಿದ್ದುವ ಖರ್ಚೂ ಅಲ್ಪ, ಮನಸ್ತಾಪವೂ ಅಲ್ಪ.

ಹೇಳುವ ಬಗೆಯನ್ನು ಒಂದು ದೃಷ್ಟಾಂತದಿಂದ ಕಾಣಬಹುದು. ನಿವೃತ್ತರಾದ ಉಪಾಧ್ಯಾಯರೊಬ್ಬರು ಮನೆ ಕಟ್ಟಿಸಿದರೆಂದುಕೊಳ್ಳೋಣ. ಗುತ್ತಿಗೆದಾರನು ಅವರ ಹಳೆಯ ಶಿಷ್ಯನೇ. ಜ್ಯೇಷ್ಠದ ಮಳೆಗೆ ದೇವರ ಕೋಣೆಯ ಮಾಡು ಸೋರಿತು. ಕೊನೆಯ ಕಂತು ಇನ್ನೂ ಕೊಡುವುದಿತ್ತು. ಶಿಷ್ಯನು ಕೇಳಿ ಕಳುಹಿಸಿದ್ದನು. ಉಪಾಧ್ಯಾಯರಿಗೆ ನಾಲಗೆ ಏಳಲಿಲ್ಲ. ಹಣ ಕೊಟ್ಟು, ಸೋರುವಲ್ಲಿ ಪಾತ್ರೆಯಿಟ್ಟು ದಿನ ನೂಕೋಣವೆಂದರು. ಆಗ ಅವರ ಮನೆಯವರು, “ಲೆಕ್ಕ ತಪ್ಪಿದಾಗ ಶಾಲೆಯಲ್ಲಿ ಅವನನ್ನು ತಿದ್ದಿದವರು ನೀವೇ ಅಲ್ಲವೇ? ಈಗ ತಿದ್ದದೆ ಬಿಟ್ಟರೆ ಅದು ಪ್ರೀತಿಯೋ ಅಂಜಿಕೆಯೋ? ನಾಳೆ ಅವನು ಇನ್ನೊಬ್ಬರ ಮನೆಯನ್ನೂ ಹೀಗೆಯೇ ಕಟ್ಟುವನು” ಎಂದರು.

ಉಪಾಧ್ಯಾಯರು ಮೊದಲು ಸಂಬಂಧವಿಲ್ಲದ ಇಂಜಿನಿಯರರೊಬ್ಬರಿಗೆ ತಾರಸಿಯನ್ನು ತೋರಿಸಿ ಅಭಿಪ್ರಾಯವನ್ನು ಬರೆಯಿಸಿಕೊಂಡರು. ಸೋರಿಕೆಯ ಚಿತ್ರಗಳನ್ನು ತೆಗೆದಿಟ್ಟರು. ಅನಂತರ ಶಿಷ್ಯನನ್ನು ಮನೆಗೆ ಕರೆದು, ಊಟವಾದ ಮೇಲೆ ದೇವರ ಕೋಣೆಗೆ ಕರೆದೊಯ್ದರು.

“ಮಳೆಗಾಲದಲ್ಲಿ ಹೊಸ ಮನೆ ಸ್ವಲ್ಪ ಸೋರುವುದು ಇದ್ದದ್ದೇ, ಗುರುಗಳೇ” ಎಂದನು ಶಿಷ್ಯ.

ಉಪಾಧ್ಯಾಯರು ವಾದ ಮಾಡಲಿಲ್ಲ. ವಹಿಯನ್ನು ತೆರೆದು ಮುಂದಿಟ್ಟರು. “ತಮ್ಮಾ, ತಾರಸಿಗೆ ನೀರು ನಿಲ್ಲಿಸಿದ್ದು ನಾಲ್ಕೇ ದಿನ. ನೀರು ಹರಿದುಹೋಗುವ ಕೊಳವೆಯ ಕಡೆಗೆ ಇಳಿಜಾರೂ ಇಲ್ಲ. ಗೃಹಪ್ರವೇಶದ ಮುಹೂರ್ತ ಹತ್ತಿರವಾಯಿತೆಂದು ನಿನ್ನನ್ನು ಅವಸರಪಡಿಸಿದವನು ನಾನು. ಆ ತಪ್ಪು ನನ್ನದು. ನೀರುಣಿಸದೆ ಬಿಟ್ಟ ತಪ್ಪು ನಿನ್ನದು. ಈಗ ಹೇಗೆ ಸರಿಮಾಡುವೆ, ಎಂದು ಮಾಡುವೆ, ಅದನ್ನು ಹೇಳು” ಎಂದರು.

ಶಿಷ್ಯನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ಏಕಕಾಲಕ್ಕೆ ಎರಡು ಕಡೆ ಕೆಲಸ ಹಿಡಿದು ಆಳುಗಳನ್ನು ಅತ್ತ ಕಳುಹಿಸಿದುದನ್ನು ಒಪ್ಪಿಕೊಂಡನು. ಬಿರುಕುಗಳನ್ನು ಬಿಡಿಸಿ ತುಂಬುವುದು, ನೀರು ತಡೆಯುವ ಲೇಪ ಕೊಟ್ಟು ಕೊಳವೆಯ ಕಡೆಗೆ ಇಳಿಜಾರು ಮಾಡುವುದು, ಎರಡು ದಿನ ತಾರಸಿಯಲ್ಲಿ ನೀರು ಕಟ್ಟಿ ನಿಲ್ಲಿಸಿ ಪರೀಕ್ಷಿಸುವುದು, ಇದೆಲ್ಲವೂ ಒಂದು ತಿಂಗಳೊಳಗೆ ಎಂದು ಕಾಗದದ ಮೇಲೆ ಬರೆದು ಇಬ್ಬರೂ ಸಹಿ ಮಾಡಿದರು. ಕೊನೆಯ ಕಂತಿನಲ್ಲಿ ಗಾರೆಯವರ ವಾರದ ಬಟವಾಡೆಗೆ ಬೇಕಾದಷ್ಟನ್ನು ಉಪಾಧ್ಯಾಯರು ಅಂದೇ ಕೊಟ್ಟರು. ಉಳಿದುದನ್ನು ಪರೀಕ್ಷೆಯಾದ ದಿನ ಎಣಿಸಿಕೊಟ್ಟರು.

ಈ ದೃಷ್ಟಾಂತದಲ್ಲಿ ಗಮನಿಸತಕ್ಕ ಅಂಶಗಳು ಮೂರು. ಹೇಳಿದುದು ಕೆಲಸದ ದೋಷವನ್ನೇ ಹೊರತು ಮನುಷ್ಯನ ದೋಷವನ್ನಲ್ಲ. ತನ್ನ ಪಾಲಿನ ತಪ್ಪನ್ನು ಮೊದಲು ಹೇಳಿಕೊಂಡುದರಿಂದ ಎದುರಿನವನಿಗೆ ತನ್ನದನ್ನು ಒಪ್ಪಿಕೊಳ್ಳುವ ಧೈರ್ಯ ಬಂದಿತು. ಎಲ್ಲಕ್ಕಿಂತ ಮುಖ್ಯವಾಗಿ, ಇಬ್ಬರ ವ್ಯಾಜ್ಯದಲ್ಲಿ ಕಲ್ಲು ಮಣ್ಣು ಹೊತ್ತವರ ಕೂಲಿ ಸಿಕ್ಕಿಕೊಳ್ಳಲಿಲ್ಲ. ಗುತ್ತಿಗೆದಾರನ ಮೇಲಿನ ಸಿಟ್ಟಿಗೆ ಕೂಲಿಕಾರನ ಒಲೆ ಆರಿದರೆ, ಆ ಮನೆಯ ದೇವರ ಕೋಣೆ ಸೋರದಿದ್ದರೂ ಏನು ಫಲ?

ಎಲ್ಲ ಗುತ್ತಿಗೆದಾರರೂ ಈ ಶಿಷ್ಯನಂತಿರುವುದಿಲ್ಲ ಎಂಬುದೂ ನಿಜ. ಕರೆದರೆ ಬಾರದವರು, ಮುಂಗಡ ಪಡೆದು ಮರೆಯಾದವರು, ಹೆದರಿಸುವವರು ಉಂಟು. ಅಂಥಲ್ಲಿ ದೋಷಗಳ ಪಟ್ಟಿಯನ್ನೂ ಸರಿಪಡಿಸಬೇಕಾದ ಗಡುವನ್ನೂ ಬರೆದು, ತಲುಪಿದ ಬಗ್ಗೆ ರಸೀದಿ ಸಿಗುವಂತೆ ಅಂಚೆಯಲ್ಲಿ ಕಳುಹಿಸಬೇಕು. ಗಡುವು ಮೀರಿದರೆ, ಇನ್ನೊಬ್ಬರಿಂದ ದುರಸ್ತಿ ಮಾಡಿಸುವ ಮೊದಲು ಇದ್ದ ಸ್ಥಿತಿಯ ಚಿತ್ರ, ಇಂಜಿನಿಯರರ ವರದಿ, ಖರ್ಚಿನ ರಸೀದಿಗಳನ್ನು ಕಾಪಾಡಿಕೊಳ್ಳಬೇಕು. 1872ರ ಕರಾರು ಕಾಯಿದೆಯು ಮಾತು ತಪ್ಪಿದವನಿಂದ ನಷ್ಟ ಪರಿಹಾರ ಕೊಡಿಸುತ್ತದೆ. ಆದರೆ ಕೈಲಾದಮಟ್ಟಿಗೆ ನಷ್ಟ ಬೆಳೆಯದಂತೆ ನೋಡಿಕೊಳ್ಳುವುದು ನೊಂದವನ ಹೊಣೆಯೂ ಹೌದು.

2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ ಗೃಹನಿರ್ಮಾಣವೂ ಸೇವೆಯೆಂದೇ ಗಣಿತವಾಗಿದೆ. ಕೊಟ್ಟ ಹಣ 50 ಲಕ್ಷ ರೂಪಾಯಿ ಮೀರದಿದ್ದರೆ, ತಾನು ವಾಸಿಸುವ ಜಿಲ್ಲೆಯ ಗ್ರಾಹಕರ ಆಯೋಗಕ್ಕೆ ಗೃಹಸ್ಥನು ತಾನೇ ದೂರು ಸಲ್ಲಿಸಬಹುದು, ವಕೀಲರೇ ಬೇಕೆಂದಿಲ್ಲ. 5 ಲಕ್ಷದವರೆಗೆ ಶುಲ್ಕವಿಲ್ಲ. ದೂರಿಗೆ ಕಾರಣವಾದ ದಿನದಿಂದ 2 ವರ್ಷದೊಳಗೆ ಸಲ್ಲಿಸಬೇಕೆಂಬುದನ್ನು ಮರೆಯಲಾಗದು. ದಾಕ್ಷಿಣ್ಯದ ಮೌನವು ಈ ಅವಧಿಯನ್ನೇ ತಿಂದುಬಿಡುತ್ತದೆ. ಆರಂಭದ ಸಲಹೆಗೆ 1915 ಎಂಬ ರಾಷ್ಟ್ರೀಯ ಸಹಾಯವಾಣಿಯಿದೆ. ರಾಜಿಯನ್ನು ಬಯಸುವವರಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಮೂಲಕ ಲೋಕ ಅದಾಲತ್ತಿನ ದಾರಿಯಿದೆ. ಸ್ವಂತವಾಗಿ ಕಟ್ಟಿಸದೆ, ನೋಂದಾಯಿತ ಬಡಾವಣೆ-ಕಟ್ಟಡಗಳ ನಿರ್ಮಾಪಕರಿಂದ ಮನೆ ಕೊಂಡವರಿಗೆ 2016ರ ಸ್ಥಿರಾಸ್ತಿ ಕಾಯಿದೆಯ ರಕ್ಷಣೆಯುಂಟು. ಸ್ವಾಧೀನ ಪಡೆದ 5 ವರ್ಷದೊಳಗೆ ಕಟ್ಟಡದ ದೋಷವನ್ನು ತಿಳಿಸಿದರೆ, ನಿರ್ಮಾಪಕನು 30 ದಿನದೊಳಗೆ ಬೇರೆ ಹಣ ಕೇಳದೆ ಸರಿಪಡಿಸಬೇಕು.

ನ್ಯಾಯಸ್ಥಾನದ ಮೆಟ್ಟಿಲೇರುವುದು ಭಕ್ತನಿಗೆ ಸಲ್ಲದೆಂದು ಕೆಲವರು ಅಳುಕುತ್ತಾರೆ. ಸೇಡಿಗಾಗಿ ಏರುವುದು ಸಲ್ಲದು. ಅಳತೆಯನ್ನು ನೇರಮಾಡುವುದಕ್ಕಾಗಿ ಏರಿದರೆ ಅದರಲ್ಲಿ ನಾಚಿಕೆಯಿಲ್ಲ. ಆಡುವ ಮಾತು ನಿಜವೇ, ಕೇಳುವ ಹಣ ಆದ ನಷ್ಟದಷ್ಟೇ ಇದೆಯೇ, ಎದುರಿನವನಿಗೆ ತಿದ್ದಿಕೊಳ್ಳಲು ಅವಕಾಶ ಕೊಟ್ಟುದಾಯಿತೇ ಎಂಬ ಮೂರು ಪ್ರಶ್ನೆಗಳಿಗೆ ಹೌದೆಂಬ ಉತ್ತರ ಬಂದರೆ, ಗೃಹಸ್ಥನು ನಿರ್ಭಯನಾಗಿ ಮುಂದುವರಿಯಬಹುದು.

ಲಕ್ಕಮ್ಮನು ಮಾರಯ್ಯನನ್ನು ಹಿಂದಕ್ಕೆ ಕಳುಹಿಸಿದಾಗ ಉಳಿದುದು ಒಂದು ಹಿಡಿ ಅಕ್ಕಿಯಲ್ಲ, ಆತನ ಕಾಯಕ. ಕೆಟ್ಟ ಕೆಲಸವನ್ನು ಮರಳಿ ಮಾಡಿಸುವ ಗೃಹಸ್ಥನೂ ತನ್ನ ಸೂರಿನೊಡನೆ ಆ ಕೆಲಸಗಾರನ ಕಾಯಕವನ್ನು ಉಳಿಸುತ್ತಾನೆ. ಮುಂದೆ ಅವನಿಂದ ಮನೆ ಕಟ್ಟಿಸಲಿರುವ, ಮುಖವನ್ನೂ ಕಾಣದ ಮತ್ತೊಬ್ಬ ಗೃಹಸ್ಥನ ಸೂರನ್ನೂ ಉಳಿಸುತ್ತಾನೆ.