ಪಾಳೆಯದಲ್ಲಿ ಉಳಿದ ಇಬ್ಬರು

ಯೌವನಸ್ಥರಿಗಾಗಿ ಪಾಠ. ಓದತಕ್ಕ ಭಾಗಗಳು: ಅರಣ್ಯಕಾಂಡ 11:10-30, ಮಾರ್ಕ 9:14-41.

ಹೊಟ್ಟೆಕಿಚ್ಚು ಪಾಪವೆಂದು ನಿಮಗೆ ಹೇಳಿಕೊಡಬೇಕಾಗಿಲ್ಲ; ಕಾಯಿನನ ಕಥೆಯನ್ನು ಚಿಕ್ಕಂದಿನಿಂದ ಕೇಳಿದ್ದೀರಿ. ಆದರೆ ಭಕ್ತಿಯ ಅಂಗಿಯನ್ನು ತೊಟ್ಟು ಬರುವ ಹೊಟ್ಟೆಕಿಚ್ಚೊಂದು ಉಂಟು. ಅದನ್ನು ಗುರುತಿಸುವದು ಕಷ್ಟ.

ಇಸ್ರಾಯೇಲ್ಯರು ಅರಣ್ಯದಲ್ಲಿ ಮಾಂಸಕ್ಕಾಗಿ ಅಳುತ್ತಿದ್ದಾಗ, ಇಷ್ಟು ಜನರ ಭಾರವನ್ನು ಒಬ್ಬನೇ ಹೊರಲಾರೆನೆಂದು ಮೋಶೆಯು ದೇವರಿಗೆ ಮೊರೆಯಿಟ್ಟನು. ಮರಣವನ್ನೇ ಬೇಡುವಷ್ಟು ದಣಿದಿದ್ದನು. ಆದಕಾರಣ ದೇವರು 70 ಮಂದಿ ಹಿರಿಯರನ್ನು ಗುಡಾರದ ಬಳಿಗೆ ಕರೆಯಿಸಿ, ಮೋಶೆಯ ಮೇಲಿದ್ದ ಆತ್ಮದಲ್ಲಿ ಅವರಿಗೂ ಪಾಲು ಕೊಟ್ಟನು. ಎಲ್ದಾದ್, ಮೇದಾದ್ ಎಂಬ ಇಬ್ಬರ ಹೆಸರುಗಳು ಬರೆಯಲ್ಪಟ್ಟಿದ್ದರೂ ಅವರು ಪಾಳೆಯದಲ್ಲಿಯೇ ಉಳಿದರು. ಯಾಕೆಂದು ವೇದವು ಹೇಳುವದಿಲ್ಲ. ಆದರೂ ಆತ್ಮವು ಅವರ ಮೇಲೆಯೂ ಇಳಿಯಿತು. ಅವರು ಅಲ್ಲಿಯೇ ಪ್ರವಾದಿಸಿದರು. ಯೌವನಸ್ಥನೊಬ್ಬನು ಓಡಿಬಂದು ಸುದ್ದಿ ಮುಟ್ಟಿಸಲು, ಅವರನ್ನು ತಡೆಯಬೇಕೆಂದು ಕೂಗಿದವನು ಯಾರು? ಯಾವನೋ ದುಷ್ಟನಲ್ಲ, ಮೋಶೆಯ ನೆಚ್ಚಿನ ಸೇವಕನಾದ ಯೆಹೋಶುವನೇ.

ತನ್ನ ಒಡೆಯನ ಮಾನವನ್ನು ಕಾಯುತ್ತೇನೆಂದು ಅವನು ನೆನಸಿದನು. ಆದರೆ ಆ ಇಬ್ಬರು ಬಂದದ್ದು ಒಡೆಯನ ಹೊರೆಗೆ ಹೆಗಲು ಕೊಡುವದಕ್ಕೇ ಅಲ್ಲವೇ? ಅವರನ್ನು ತಡೆದರೆ ಆ ಭಾರವು ಮರಳಿ ಯಾರ ಮೇಲೆ ಬೀಳುವದು? ಮೋಶೆಯಾದರೋ ಅಂಗಿಯೊಳಗಿನದನ್ನು ಕಂಡುಹಿಡಿದು, ನನಗಾಗಿ ನೀನು ಹೊಟ್ಟೆಕಿಚ್ಚು ಪಡುತ್ತೀಯೋ ಎಂಬರ್ಥದಲ್ಲಿ ಕೇಳಿದನು. ಜನರೆಲ್ಲರೂ ಪ್ರವಾದಿಗಳಾಗಬೇಕೆಂದೇ ಆಶಿಸಿದನು.

ಯೋಹಾನನೂ ಹೀಗೆಯೇ ಮಾಡಿದನು. ತಮ್ಮನ್ನು ಹಿಂಬಾಲಿಸದ ಒಬ್ಬನು ಯೇಸುವಿನ ಹೆಸರಿನಲ್ಲಿ ದೆವ್ವ ಬಿಡಿಸುವದನ್ನು ಕಂಡು ಅಡ್ಡಿಮಾಡಿದರು. ಅದೇ ಅಧ್ಯಾಯದ ಮೊದಲಲ್ಲಿ ಶಿಷ್ಯರು ತಾವೇ ಒಂದು ದೆವ್ವವನ್ನು ಬಿಡಿಸಲಾರದೆ ನಾಚಿದ್ದರೆಂಬದನ್ನು ಗಮನಿಸಿರಿ. ತಾವು ಸೋತ ಕೆಲಸವನ್ನು ಹೊರಗಿನವನು ಮಾಡಿದಾಗಲೇ ಹೊಟ್ಟೆ ಉರಿಯುವದು.

ನಾವು ಇದನ್ನು ದೂರದಿಂದ ಹೇಳುವದಿಲ್ಲ. ನಾವು ಸೆಮಿನರಿಯಲ್ಲಿದ್ದಾಗ ಜೊತೆಯ ವಿದ್ಯಾರ್ಥಿಯೊಬ್ಬನನ್ನು ಪ್ರಸಂಗಕ್ಕೆ ಆರಿಸಿದರು. ಅವನು ಮಾತಾಡುತ್ತಿದ್ದಷ್ಟು ಹೊತ್ತೂ ನಾವು ಬೆರಳು ಮಡಚಿ ಅವನ ತಪ್ಪುಗಳನ್ನು ಎಣಿಸಿದೆವು. ಏಳು ಸಿಕ್ಕಿದವು. ಅವನು ಯಾವ ವಚನದ ಮೇಲೆ ಮಾತಾಡಿದನೆಂಬದು ಆ ಸಾಯಂಕಾಲವೇ ನಮಗೆ ನೆನಪಿರಲಿಲ್ಲ.

ಈಗ ನಿಮ್ಮ ಸಭೆಯನ್ನು ನೋಡಿರಿ. ಬೇರೆ ಕೇರಿಯಿಂದ ಒಂದು ಕುಟುಂಬವು ಹೊಸದಾಗಿ ದೀಕ್ಷಾಸ್ನಾನ ಹೊಂದಿತೆನ್ನೋಣ. ಆ ಮನೆಯ ಹುಡುಗನ ಸ್ವರ ಚೆನ್ನಾಗಿದೆ. ಸುಗ್ಗಿಯ ಆರಾಧನೆಯಲ್ಲಿ ಅವನೇ ವೇದಪಾಠ ಓದಲಿ ಎಂದು ಹಿರಿಯರು ಹೇಳುತ್ತಾರೆ. ಮೂರು ವರ್ಷ ಓದಿದವನು ಮೂಲೆಯಲ್ಲಿ ಮೋರೆ ಗಂಟಿಕ್ಕುತ್ತಾನೆ. ಕಾರಣ ಕೇಳಿದರೆ, ಅವನಿಗೆ ಇನ್ನೂ ಸಭೆಯ ಕ್ರಮ ತಿಳಿಯದು ಎನ್ನುವನು. ಕ್ರಮದ ಮಾತು ಒಳ್ಳೆಯದೇ. ಅದರ ಕೆಳಗೆ ಕೇರಿಯ ಮಾತು ಅಡಗಿಲ್ಲವೋ ಎಂದು ಪರೀಕ್ಷಿಸಿಕೊಳ್ಳಲಿ.

ಕರ್ತನು ಯೋಹಾನನಿಗೆ ಉತ್ತರಕೊಡುತ್ತಾ ಒಂದು ಪಾತ್ರೆ ನೀರಿನ ಮಾತನ್ನೂ ಆಡಿದನು. ಆ ಮಾತಿನಲ್ಲಿ ನೀರು ಕೊಡುವವರು ಬೇರೆಯವರು, ತೆಗೆದುಕೊಳ್ಳುವವರು ಶಿಷ್ಯರು. ನಮ್ಮ ಹಳ್ಳಿಗಳಲ್ಲಿ ಯಾರ ಕೈಯ ನೀರನ್ನು ಯಾರು ಕುಡಿಯುವರೆಂಬದು ಎಂಥ ದೊಡ್ಡ ವಿಷಯವೆಂದು ನಿಮಗೆ ಗೊತ್ತೇ ಇದೆ. ಆದದರಿಂದ ಹಳೆಯ ಓದುಗನು ಶನಿವಾರ ಸಾಯಂಕಾಲ ಹೊಸಬನ ಮನೆಗೆ ಹೋಗಿ, ಪಾಠದಲ್ಲಿರುವ ಕಠಿಣವಾದ ಹೆಸರುಗಳನ್ನು ಜೊತೆಗೂಡಿ ಓದಲಿ. ಆ ಮನೆಯ ತಾಯಿ ತಂಬಿಗೆಯಲ್ಲಿ ನೀರು ತಂದರೆ ಕುಡಿದು ಬರಲಿ.