ವೃದ್ಧಾಶ್ರಮದಲ್ಲಿ ವಾಂತಿಭೇದಿ: ಮೂಲ ಹುಡುಕುವುದು ಹೇಗೆ?

ಕ್ರಿಸ್ಮಸ್ ಬಂತೆಂದರೆ ನಮ್ಮ ಧರ್ಮಕೇಂದ್ರಗಳ ಸಂಘದವರು ವೃದ್ಧಾಶ್ರಮಗಳಿಗೆ ಊಟ ಒಯ್ಯುವುದು ವಾಡಿಕೆ. ಒಳ್ಳೆಯ ಕೆಲಸವೇ. ಆದರೆ ಮರುದಿನವೋ ನಾಲ್ಕು ದಿನ ಬಿಟ್ಟೋ ಅಲ್ಲಿನ ಹತ್ತು ಜನರಿಗೆ ವಾಂತಿಭೇದಿ ಶುರುವಾದರೆ? ಅಡುಗೆಯವಳನ್ನು ದೂರುವುದು ಸುಲಭ. ನಿಜವಾದ ತನಿಖೆ ಹಾಗೆ ನಡೆಯುವುದಿಲ್ಲ.

1985ರ ಸೆಪ್ಟೆಂಬರಿನಲ್ಲಿ ಕೆನಡಾ ದೇಶದ ಲಂಡನ್ ಎಂಬ ಊರಿನ (ಇಂಗ್ಲೆಂಡಿನ ಲಂಡನ್ ಅಲ್ಲ) ಒಂದು ವೃದ್ಧಾಶ್ರಮದಲ್ಲಿ 169 ನಿವಾಸಿಗಳ ಪೈಕಿ 55 ಮಂದಿ ಕಾಯಿಲೆ ಬಿದ್ದರು. ಸಿಬ್ಬಂದಿಯಲ್ಲಿ 18 ಜನರಿಗೂ ತಗಲಿತು. ಕಾಯಿಲೆ ಬಿದ್ದ ಹಿರಿಯರಲ್ಲಿ 19 ಮಂದಿ ತೀರಿಕೊಂಡರು. ಮಲಪರೀಕ್ಷೆಯಲ್ಲಿ ಸಿಕ್ಕಿದ್ದು ಈ-ಕೊಲೈ ಓ157 ಎಂಬ ರೋಗಾಣು. ಇದು ರಕ್ತಭೇದಿ ತರುತ್ತದೆ, ಕೆಲವರ ಮೂತ್ರಪಿಂಡವನ್ನೇ ಕೆಡಿಸುತ್ತದೆ.

ಇಂಥ ತನಿಖೆಯಲ್ಲಿ ಮೊದಲ ಕೆಲಸ ಒಂದು ಪಟ್ಟಿ. ಯಾರಿಗೆ, ಯಾವ ದಿನ, ಎಷ್ಟು ಗಂಟೆಗೆ ಶುರುವಾಯಿತು, ಹಿಂದಿನ ದಿನಗಳಲ್ಲಿ ಏನು ತಿಂದರು? ಇದೇ ಪ್ರಶ್ನೆಯನ್ನು ಆರೋಗ್ಯವಾಗಿ ಉಳಿದವರಿಗೂ ಕೇಳಬೇಕು. ಇದನ್ನೇ ನಾವು ಮರೆಯುವುದು. ಕಾಯಿಲೆಯವರೆಲ್ಲ ಸಾರು ಉಂಡಿದ್ದಾರೆಂದು ಸಾರನ್ನು ದೂರಿದರೆ, ಚೆನ್ನಾಗಿರುವವರೂ ಅದೇ ಸಾರು ಉಂಡಿರಬಹುದಲ್ಲವೇ? ಮರೆವಿನ ಹಿರಿಯರಿಗೆ ನಿನ್ನೆಯ ಊಟವೇ ನೆನಪಿರುವುದಿಲ್ಲ. ಆಗ ಅಡುಗೆಮನೆಯ ಪುಸ್ತಕವೇ ಆಧಾರ.

ಆಮೇಲೆ ದಿನಕ್ಕೆ ಎಷ್ಟು ಮಂದಿ ಎಂದು ಗೆರೆ ಎಳೆಯುತ್ತಾರೆ. ಲಂಡನ್ನಿನಲ್ಲಿ ಆ ಗೆರೆ ಎರಡು ಸಲ ಮೇಲೇರಿತ್ತು. ಮೊದಲ ಏರಿಕೆಗೆ ಒಂದು ಹೊತ್ತಿನ ಸ್ಯಾಂಡ್‌ವಿಚ್ ಕಾರಣವಿರಬೇಕೆಂದು ಕಂಡಿತು. ಎರಡನೆಯದು ಊಟದಿಂದಲ್ಲ, ಒಬ್ಬರಿಂದ ಒಬ್ಬರಿಗೆ ಹರಡಿದ್ದು. ಅಡುಗೆಮನೆಯೊಂದನ್ನೇ ತೊಳೆದಿದ್ದರೆ ಈ ಎರಡನೆಯ ಅಲೆ ನಿಲ್ಲುತ್ತಿರಲಿಲ್ಲ. ಆ ಹಂತದಲ್ಲಿ, ಮೊದಲೇ ಆಂಟಿಬಯಾಟಿಕ್ ತೆಗೆದುಕೊಳ್ಳುತ್ತಿದ್ದವರಿಗೇ ರೋಗ ಹೆಚ್ಚಾಗಿ ತಗಲಿದ್ದೂ ಕಂಡುಬಂತು. ಆದ್ದರಿಂದ ಭೇದಿಯಾದೊಡನೆ ವೈದ್ಯರನ್ನು ಕೇಳದೆ ಮಾತ್ರೆ ನುಂಗಿಸಬೇಡಿ. ಓಆರ್‌ಎಸ್ ನೀರನ್ನು ಗುಟುಕು ಗುಟುಕಾಗಿ ಕುಡಿಸಿ. ಮುದುಕರಿಗೆ ಬಾಯಾರಿಕೆಯ ಅರಿವೇ ಕಡಿಮೆ.

ಆಶ್ರಮಕ್ಕೆ ಕೆಟ್ಟ ಹೆಸರು ಬರುತ್ತದೆಂದು ಸುದ್ದಿ ಮುಚ್ಚಿಡುವವರಿದ್ದಾರೆ. ಅವರ ಭಯ ಅರ್ಥವಾಗುತ್ತದೆ, ಆದರೆ ಅದರಿಂದ ಹಾಳಾಗುವುದು ಮೊದಲ ಎರಡು ದಿನಗಳು. ಇಬ್ಬರು ಮೂವರಿಗೆ ಒಟ್ಟಿಗೆ ಶುರುವಾದರೆ ಅಂದೇ ಆರೋಗ್ಯಾಧಿಕಾರಿಗೆ ತಿಳಿಸಬೇಕು. ನೈರ್ಮಲ್ಯಕ್ಕೆ ಸ್ಯಾನಿಟೈಸರ್ ಸಾಕೆಂದು ಕೂರಬೇಡಿ. ವಾಂತಿ ತರುವ ನೊರೊವೈರಸ್ ಅದಕ್ಕೆ ಜಗ್ಗುವುದಿಲ್ಲ, ಸೋಪು ನೀರೇ ಬೇಕು.

ಈ ಸಲ ಊಟ ಒಯ್ಯುವಾಗ ಏನೇನು ಬಡಿಸಿದಿರಿ, ಎಷ್ಟು ಗಂಟೆಗೆ ಎಂದು ಚೀಟಿ ಬರೆದು ಕೊಡಿ. ಪ್ರತಿಯೊಂದರಲ್ಲೂ ಸ್ವಲ್ಪ ತೆಗೆದು ಮುಚ್ಚಿ ಫ್ರಿಜ್ಜಿನಲ್ಲಿಡಿಸಿ. ಹೊಟ್ಟೆ ಕೆಟ್ಟವರು ವಾಸಿಯಾಗಿ 48 ಗಂಟೆ ಕಳೆಯುವವರೆಗೆ ಬಡಿಸಲು ನಿಲ್ಲುವುದು ಬೇಡ.