ಟಕ್ ಟಕ್ ಸದ್ದಿಗೆ ತೆತ್ತ 44 ಸಾವಿರ ದಂಡ

“ಇದೇನೋ ಇದು, ಸೀಟಿನ ಕೆಳಗೆ ಯಾರೋ ಕುಟ್ಟಾಣಿಯಲ್ಲಿ ಏಲಕ್ಕಿ ಕುಟ್ಟಿದ ಹಾಗೆ ಕೇಳ್ಸುತ್ತಲ್ಲ!” ಜಯನಗರದಿಂದ ಬಸವನಗುಡಿ ತಲುಪುವಷ್ಟರಲ್ಲಿ ಅಮ್ಮ ಈ ಮಾತನ್ನು ಮೂರು ಸಲ ಹೇಳಿದರು. ನಾನು ಮೂರೂ ಸಲ ರೇಡಿಯೊ ಜೋರು ಮಾಡಿದೆ.

ನನ್ನದು ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು. ಎರಡೇ ಬಾಗಿಲು, ನೆಲಕ್ಕೆ ಹೊಟ್ಟೆ ತಾಗಿತೇನೋ ಅನ್ನುವಷ್ಟು ತಗ್ಗು. ಶೋಕಿಗೆಂದು ಕೊಂಡಿದ್ದು ನಿಜ, ಆದರೆ ಆಫೀಸಿಗೂ ತರಕಾರಿಗೂ ಓಡುವುದು ಅದೇ. 60 ಸಾವಿರ ಕಿಲೋಮೀಟರ್ ದಾಟಿದ ಮೇಲೆ ಮುಂದಿನ ಚಕ್ರಗಳ ಕಡೆಯಿಂದ ಸದ್ದು ಶುರುವಾಯಿತು. ಸರ್ವಿಸ್ ಸೆಂಟರ್‌ನವರು ಒಂದು ರೌಂಡ್ ಓಡಿಸಿ ಎಸ್ಟಿಮೇಟ್ ಕೈಗಿಟ್ಟರು: ನಾಲ್ಕು ಶಾಕ್ ಅಬ್ಸಾರ್ಬರ್‌ಗೆ 1,24,000, ಎರಡು ಲೋವರ್ ಆರ್ಮ್‌ಗೆ 58,000, ಕೂಲಿ ಮತ್ತಿತರೆ 36,000. ಒಟ್ಟು 2,18,000 ರೂಪಾಯಿ. “ಇಷ್ಟು ಹಾಕಿದರೆ ಸದ್ದು ಹೋಗುತ್ತಾ?” ಎಂದು ಕೇಳಿದೆ. “ಹೋಗಬಹುದು ಸರ್” ಅಂದರು. ಎರಡು ಲಕ್ಷಕ್ಕೆ ‘ಬಹುದು’ ಎಂಬ ಗ್ಯಾರಂಟಿ!

ಅಲ್ಲಿಂದ ಓಡಿ ಬಂದವನು ಜಾಣತನ ತೋರಿಸಲು ಹೋಗಿ ಕೈ ಸುಟ್ಟುಕೊಂಡೆ. ಮೊದಲು ಬಾಗಿಲಿಗೂ ಡಿಕ್ಕಿಗೂ ಸದ್ದು ತಡೆಯುವ ಶೀಟ್ ಹಾಕಿಸಿದೆ, 18,000. ಟಯರಿನ ಗುಂಯ್‌ಗುಡುವಿಕೆ ಕೊಂಚ ತಗ್ಗಿತು, ಆ ಮೌನದಲ್ಲಿ ಟಕ್ ಟಕ್ ಇನ್ನೂ ಸ್ಪಷ್ಟವಾಗಿ ಕೇಳತೊಡಗಿತು. ಆಮೇಲೆ ‘ಆರ್ಮ್ ಕೀಲುಗಳ ರಬ್ಬರ್ ಬುಷ್ ತೆಗೆಸಿ ಪಾಲಿಯುರೆಥೇನ್ ಹಾಕಿಸು, ಜೀವಮಾನ ಬಾಳುತ್ತೆ’ ಎಂದ ಗೆಳೆಯನ ಮಾತು ಕೇಳಿದೆ, 26,000. ಬಾಳಿಕೆಯೇನೋ ಸರಿ. ಆದರೆ ಪಾಲಿಯುರೆಥೇನ್ ಗಟ್ಟಿ. ರೇಸ್ ಟ್ರ್ಯಾಕ್‌ನಲ್ಲಿ ಅದೇ ಅದರ ಗುಣ, ನಿತ್ಯದ ರಸ್ತೆಯಲ್ಲಿ ಅದೇ ಅದರ ದೋಷ. ರಬ್ಬರ್ ನುಂಗಿಕೊಳ್ಳುತ್ತಿದ್ದ ಅದುರಾಟವನ್ನೆಲ್ಲ ಅದು ಸೀದಾ ಸೀಟಿಗೆ ದಾಟಿಸುತ್ತದೆ, ಗ್ರೀಸ್ ಆರಿದರೆ ಹಳೇ ಬಾಗಿಲಿನಂತೆ ಕಿರ್ ಅನ್ನುತ್ತದೆ. ಈಗ ಟಕ್ ಟಕ್ ಜೊತೆಗೆ ಕಿರ್ ಕಿರ್.

ಕೊನೆಗೆ ವಿಲ್ಸನ್ ಗಾರ್ಡನ್ ಕಡೆಯ ಒಂದು ಸಣ್ಣ ಗ್ಯಾರೇಜಿಗೆ ಹೋದೆ. ಅಲ್ಲಿನ ಮೇಸ್ತ್ರಿ ಸ್ಪ್ಯಾನರ್ ಮುಟ್ಟುವ ಮೊದಲೇ ಹೇಳಿದ ಮಾತು: “ಸಾರ್, ಸದ್ದು ಹುಡುಕೋಕೆ ಮೊದಲು ದುಡ್ಡು ಕೊಡಿ. ನಿಲ್ಲಿಸೋಕೆ ಆಮೇಲೆ ನೋಡೋಣ.” ಹುಡುಕುವ ಕೂಲಿ 1,500.

ಅವರು ಕಾರನ್ನು ಜಾಕ್ ಹಾಕಿ ಎತ್ತಲಿಲ್ಲ, ಪಿಟ್ ಮೇಲೆ ನಿಲ್ಲಿಸಿದರು. ಚಕ್ರ ಗಾಳಿಯಲ್ಲಿ ನೇತಾಡಿದರೆ ಕೀಲುಗಳೆಲ್ಲ ಒಂದೇ ಕಡೆಗೆ ಎಳೆದುಕೊಂಡು, ಸಡಿಲ ಇದ್ದರೂ ತೋರುವುದಿಲ್ಲವಂತೆ. ನನ್ನನ್ನು ಸೀಟಿನಲ್ಲಿ ಕೂರಿಸಿ “ಸ್ಟಿಯರಿಂಗ್ ನಿಧಾನಕ್ಕೆ ತಿರುಗಿಸಿ” ಅಂದರು. ಅವರ ಎರಡು ಬೆರಳು ಮುಂದಿನ ಕಾಯಿಲ್ ಸ್ಪ್ರಿಂಗ್ ಮೇಲೆ, ವೈದ್ಯರು ನಾಡಿ ಹಿಡಿದ ಹಾಗೆ. ಒಂದು ಹಂತಕ್ಕೆ ಬಂದಾಗ ಸ್ಪ್ರಿಂಗ್ ಟಣ್ ಎಂದು ಎಗರಿತು. ಸ್ಟ್ರಟ್‌ನ ತಲೆಯ ಮೇಲಿನ ಟಾಪ್ ಮೌಂಟ್ ರಬ್ಬರ್ ಹರಿದು, ಬೇರಿಂಗ್ ಬಿಗಿದುಕೊಂಡಿತ್ತು. ಆಮೇಲೆ ಆ್ಯಂಟಿ ರೋಲ್ ಬಾರ್‌ಗೆ ಸೇರುವ ಎರಡೂ ಲಿಂಕ್ ರಾಡ್ ಕಳಚಿ, ಗಲ್ಲಿಯಲ್ಲಿ ಮೆಲ್ಲಗೆ ಒಂದು ಸುತ್ತು ಹೊಡೆಸಿದರು. ಏಲಕ್ಕಿ ಕುಟ್ಟುವುದು ನಿಂತಿತ್ತು! ಶಾಕ್ ಅಬ್ಸಾರ್ಬರ್‌ಗಳಲ್ಲಿ ಎಣ್ಣೆ ಸೋರಿರಲಿಲ್ಲ, ಒತ್ತಿಬಿಟ್ಟರೆ ಕಾರು ಒಂದೇ ಸಲಕ್ಕೆ ಎದ್ದು ನಿಲ್ಲುತ್ತಿತ್ತು. ಎಸ್ಟಿಮೇಟಿನ 1,24,000 ಅಲ್ಲೇ ಬಿದ್ದುಹೋಯಿತು.

ಬಿಲ್ ಹೀಗಾಯಿತು: ಪರೀಕ್ಷೆ 1,500, ಲಿಂಕ್ ರಾಡ್ ಜೋಡಿ 5,200, ಬೇರಿಂಗ್ ಸಹಿತ ಟಾಪ್ ಮೌಂಟ್ ಜೋಡಿ 13,800, ಆರ್ಮ್‌ಗೆ ಮತ್ತೆ ರಬ್ಬರ್ ಬುಷ್ 7,600, ಕೂಲಿ 9,500, ವೀಲ್ ಅಲೈನ್‌ಮೆಂಟ್ 1,400. ಒಟ್ಟು 39,000. ರೋಗಕ್ಕೆ ಕೊಟ್ಟಿದ್ದು 39 ಸಾವಿರ, ರೋಗ ಯಾವುದೆಂದು ತಿಳಿಯದೆ ನುಂಗಿದ ಮಾತ್ರೆಗೆ 44 ಸಾವಿರ.

ಒಂದು ಕೆಲಸವನ್ನು ಮಾತ್ರ ಪಕ್ಕದಲ್ಲೇ ನಿಂತು ನೋಡಿ. ಬುಷ್ ಕೂರಿಸಿದ ಆರ್ಮ್‌ನ ಬೋಲ್ಟನ್ನು ಚಕ್ರ ನೇತಾಡುತ್ತಿರುವಾಗಲೇ ಪೂರ್ತಿ ಬಿಗಿದರೆ, ಕಾರು ಕೆಳಗಿಳಿದ ಕ್ಷಣದಿಂದ ಆ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಕಾರಿನ ಭಾರ ಚಕ್ರದ ಮೇಲೆ ಬಿದ್ದ ಮೇಲೆಯೇ ಕೊನೆಯ ಬಿಗಿತ. ರಬ್ಬರಿಗೆ ಎಂಜಿನ್ ಆಯಿಲ್ ಬಿಟ್ಟು ಕಿರ್ ಸದ್ದು ನಿಲ್ಲಿಸುವ ಕೈಚಳಕವೂ ಬೇಡ. ಖನಿಜ ಎಣ್ಣೆ ತಾಗಿದ ರಬ್ಬರ್ ಉಬ್ಬಿ ಮೆದುವಾಗುತ್ತದೆ, ಸಿಲಿಕೋನ್ ಗ್ರೀಸ್ ಆದರೆ ಆಗಬಹುದು.

ಟಯರ್ ಸವೆದಾಗ ಇನ್ನೊಂದು ಲೆಕ್ಕ ಹಾಕಿದೆ. ನನ್ನ ಕಾರಿಗೆ ಇದ್ದದ್ದು 225/40 ಆರ್18. ಅಂದರೆ ರಿಮ್‌ಗೂ ರಸ್ತೆಗೂ ನಡುವೆ ಟಯರಿನ ಗೋಡೆ 90 ಮಿಲಿಮೀಟರ್. ಅದೇ ಕಾರಿಗೆ ಕಂಪನಿಯೇ ಒಪ್ಪಿದ 225/45 ಆರ್17 ಹಾಕಿದರೆ ಗೋಡೆ 101 ಮಿಲಿಮೀಟರ್, ಚಕ್ರದ ಒಟ್ಟು ಎತ್ತರ ಹೆಚ್ಚುಕಡಿಮೆ ಅಷ್ಟೇ. ಆ 11 ಮಿಲಿಮೀಟರ್ ಗಾಳಿಯೇ ಅಗ್ಗದ ಸಸ್ಪೆನ್ಷನ್. ಹಳೇ 17 ಇಂಚಿನ ಅಲಾಯ್ ಸೆಟ್‌ಗೆ 32,000 ಕೊಟ್ಟೆ, ನಾಲ್ಕು ಟಯರಿನ ಬೆಲೆಯಲ್ಲಿ 12,000 ಉಳಿಯಿತು. ತಿರುವಿನಲ್ಲಿ ಚುರುಕು ಕೂದಲೆಳೆಯಷ್ಟು ಕಮ್ಮಿಯಾಗಿದೆ, ಅದು ಗೊತ್ತಾಗುವಷ್ಟು ಜೋರಾಗಿ ಓಡಿಸಲು ನಮ್ಮ ಊರಿನಲ್ಲಿ ಜಾಗವೆಲ್ಲಿದೆ? ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ. ನಮ್ಮ ಬಡಾವಣೆಯ ಹಂಪ್ ನೋಡಿದರೆ ಒನಕೆಯನ್ನು ಅಡ್ಡ ಮಲಗಿಸಿ ಟಾರ್ ಸುರಿದ ಹಾಗಿದೆ.

‘ಇನ್ಶೂರೆನ್ಸ್ ಇದೆಯಲ್ಲ’ ಅನ್ನುವವರಿಗೆ: ಸವೆತಕ್ಕೆ ಪಾಲಿಸಿ ದುಡ್ಡು ಕೊಡುವುದಿಲ್ಲ, ಝೀರೋ ಡೆಪ್ ಇದ್ದರೂ ಅಷ್ಟೇ. ಗುಂಡಿಗೆ ಬಿದ್ದು ಅಪಘಾತವಾಗಿ ಆರ್ಮ್ ಬಾಗಿದರೆ ಮಾತು ಬೇರೆ. ಅಲ್ಲೂ ಕ್ಲೇಮ್ ಮಾಡುವ ಮೊದಲು ನೋ ಕ್ಲೇಮ್ ಬೋನಸ್ (ಎನ್‌ಸಿಬಿ) ನೋಡಿಕೊಳ್ಳಿ. ಸತತ ಐದು ವರ್ಷ ಕ್ಲೇಮ್ ಮಾಡದಿದ್ದರೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಸಿಗುವ ಶೇ 50ರ ರಿಯಾಯಿತಿಯನ್ನು ಐದಾರು ಸಾವಿರದ ರಿಪೇರಿಗಾಗಿ ಕಳೆದುಕೊಳ್ಳಬೇಡಿ. ಬಿಡಿಭಾಗಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರ ಬದಲು ಶೇ 18 ಆಗಿದೆ. ಹಳೇ ಎಸ್ಟಿಮೇಟ್ ಕೈಯಲ್ಲಿದ್ದರೆ ಹೊಸದು ಕೇಳಿ.

ಇಂಥ ಕಾರನ್ನು ಕೊಳ್ಳುವಾಗ ಇಎಂಐ ಲೆಕ್ಕ ಹಾಕುತ್ತೇವೆ, ರಬ್ಬರ್ ಸವೆಯುವ ಲೆಕ್ಕ ಹಾಕುವುದಿಲ್ಲ. ನಾನೀಗ ತಿಂಗಳಿಗೆ 4,000 ರೂಪಾಯಿಯನ್ನು ಆರ್‌ಡಿಗೆ ಹಾಕುತ್ತಿದ್ದೇನೆ, ಅದಕ್ಕೆ ‘ಬುಷ್ ನಿಧಿ’ ಎಂದೇ ಹೆಸರು. ನಿಮ್ಮ ಕಾರೂ ಸದ್ದು ಮಾಡುತ್ತಿದ್ದರೆ ಮೊದಲ 1,500ನ್ನು ಸದ್ದಿನ ಜಾಗ ಹುಡುಕಲು ಕೊಡಿ. ಮತ್ತೆ ರೇಡಿಯೊ ಮಾತ್ರ ಜೋರು ಮಾಡಬೇಡಿ.